ಎದುರು ಗಿರಣಿಯ ವೋಲ್ಟೇಜು

ತೆಲುಗು ನಾಡಿನ ಈ ದೊಡ್ಡ ಊರಲ್ಲಿ, ನಾಚಾರಂನ ನಮ್ಮ ಓಣಿಯಲ್ಲಿ ಎರಡು ಹಿಟ್ಟಿನ ಗಿರಣಿಗಳಿವೆ. ಒಂದು ನನ್ನದು. ಇನ್ನೊಂದು ನನ್ನ ಷಡ್ಡಕನದು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನದು. ಎದುರುಬದುರು ಬಾಗಿಲು, ನಡುವೆ ಎಂಟು ಹೆಜ್ಜೆ ಅಗಲದ ರಸ್ತೆ. ನಾನು ರಾಯಚೂರು ಕಡೆಯಿಂದ ಬಂದು ಗಿರಣಿ ಹಾಕಿದಾಗ ಅವನು ಊರಲ್ಲಿ ಕೆಲಸವಿಲ್ಲದೆ ಕೂತಿದ್ದ. ನಾನೇ ಕರೆಸಿಕೊಂಡೆ. ಜೋಳಕ್ಕೆ ಕಲ್ಲು ಎಷ್ಟು ಬಿಗಿಯಬೇಕು, ಗೋಧಿಗೆ ಎಷ್ಟು ಸಡಿಲಿಸಬೇಕು, ಹಿಟ್ಟನ್ನು ಬೆರಳ ತುದಿಯಲ್ಲಿ ತಿಕ್ಕಿ ಹೇಗೆ ತಿಳಿಯಬೇಕು, ಎಲ್ಲ ಕಲಿಸಿದೆ. ಎರಡು ವರ್ಷ ಕಲಿತು ನನ್ನ ಎದುರಿಗೇ ಅಂಗಡಿ ಹಿಡಿದ. ಅಕ್ಕ ತಂಗಿ ಹತ್ತಿರ ಇದ್ದಂತಾಯಿತು ಎಂದು ನನ್ನ ಹೆಂಡತಿ ಹಿಗ್ಗಿದಳು. ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿದ್ದದ್ದು ಆ ದಿನವೇ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಗಿರಣಿಯವನ ಯೋಗ್ಯತೆ ತಿಳಿಯುವುದು ಬಾಗಿಲಲ್ಲಿ ಸಾಲಾಗಿ ಇಟ್ಟ ಡಬ್ಬಿಗಳಿಂದ. ನಮ್ಮ ಗಿರಾಕಿಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಡಬ್ಬಿ ಇಟ್ಟು ಹೋಗುತ್ತಾರೆ, ಸಂಜೆ ಹಿಟ್ಟು ಒಯ್ಯುತ್ತಾರೆ. ಒಂದು ಕಾಲಕ್ಕೆ ಊರಿನ ಆ ತುದಿಯ ಮಿಯಾಪುರದಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಕಡೆಯ ಜನ ರಜೆಯ ದಿನ ಜೋಳ ಹೊತ್ತು, ಮೆಟ್ರೋ ಹತ್ತಿ, ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ರೊಟ್ಟಿಗೆ ತಕ್ಕ ಹಿಟ್ಟು ಈ ಊರಲ್ಲಿ ಬೇರೆಲ್ಲೂ ಸಿಗುವುದಿಲ್ಲ ಎನ್ನುತ್ತಿದ್ದರು. ಆ ಸಾಲು ಸಣ್ಣದಾಗುತ್ತ ಬಂತು. ಎದುರಿನ ಸಾಲು ಬೆಳೆಯಿತು. ನಾನು ದಿನಾ ಎಣಿಸುತ್ತಿದ್ದೆ, ನನ್ನದನ್ನಲ್ಲ, ಅವನದನ್ನು.

ಕಾರಣ ಕರೆಂಟು. ರಸ್ತೆಯ ಆ ಬದಿಗೆ ಒಂದು ಟ್ರಾನ್ಸ್‌ಫಾರ್ಮರು, ಈ ಬದಿಗೆ ಇನ್ನೊಂದು. ನಮ್ಮ ಬದಿಯದಕ್ಕೆ ಹೊಸ ಅಪಾರ್ಟ್‌ಮೆಂಟುಗಳೆಲ್ಲ ಜೋತುಬಿದ್ದವು. ಮಧ್ಯಾಹ್ನವಾದರೆ ಸಾಕು, ನನ್ನ ಬೋರ್ಡಿನ ವೋಲ್ಟ್ ಮೀಟರಿನ ಮುಳ್ಳು ಜ್ವರ ಬಂದವರ ಹಾಗೆ ತಲೆ ಕೆಳಗೆ ಹಾಕುತ್ತಿತ್ತು. ಮೋಟರು ಮುಲುಗುತ್ತಿತ್ತು, ಕಲ್ಲು ನಿಧಾನವಾಗುತ್ತಿತ್ತು, ಹಿಟ್ಟು ತರಿತರಿಯಾಗಿ ಬಿಸಿಯೇರಿ ಬೀಳುತ್ತಿತ್ತು.

"ಹಿಟ್ಟಿಗೆ ಜಿಗಿನೇ ಇಲ್ರಿ ಅಣ್ಣಾರ, ತಟ್ಟಾಕ ಹೋದ್ರ ರೊಟ್ಟಿ ಹರೀತಾವ," ಎಂದು ಖಾನಾವಳಿ ನಡೆಸುವ ಹೆಂಗಸು ನನ್ನ ಮುಖದ ಮೇಲೇ ಹೇಳಿ ಡಬ್ಬಿ ಎತ್ತಿಕೊಂಡು ರಸ್ತೆ ದಾಟಿದಳು. ಎದುರಿನ ಗಿರಣಿಯ ಕಲ್ಲು ಒಂದೇ ಲಯದಲ್ಲಿ ತಿರುಗುತ್ತಿತ್ತು. ಆ ಸದ್ದು ನನಗೆ ಊಟ ಸೇರದಂತೆ ಮಾಡುತ್ತಿತ್ತು.

ಒಂದು ಶ್ರಾವಣದಲ್ಲಿ ನನ್ನ ಮೋಟರು ಸುಟ್ಟೇ ಹೋಯಿತು. ಬಾಗಿಲಲ್ಲಿ ಹದಿನಾಲ್ಕು ಡಬ್ಬಿ ಇದ್ದವು. ಸುಟ್ಟ ವಾಸನೆಗೆ ಷಡ್ಡಕ ಓಡಿಬಂದ.

"ಅಣ್ಣಾರ, ಡಬ್ಬಿ ನನ್ನ ಕಡೆ ಕೊಡ್ರಿ. ಬೀಸಿ ತಂದಿಡ್ತೀನಿ. ಗಿರಾಕಿ ನಿಮ್ಮವರ, ನನಗೇನೂ ಬ್ಯಾಡ."

"ನಿನ್ನ ಉಪಕಾರ ನಿನ್ನ ಕಡೆನ ಇರ್ಲಿ, ತಮ್ಮಾ," ಎಂದೆ.

ಹದಿನಾಲ್ಕು ಡಬ್ಬಿಗಳನ್ನೂ ಬೀಸದೆ ಹಾಗೆಯೇ ವಾಪಸು ಕೊಟ್ಟೆ. ಜನ ಏನು ಮಾಡುತ್ತಾರೆ? ಡಬ್ಬಿ ಹೊತ್ತು ತಾವೇ ರಸ್ತೆ ದಾಟಿದರು, ಆಮೇಲೆ ಅಲ್ಲಿಯೇ ಉಳಿದರು. ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡ ಜಾತಿ ನನ್ನದು.

ಸುಟ್ಟ ತಂತಿ ತೆಗೆಸಿ, ಹೊಸದು ಸುತ್ತಿಸಿ ಮೋಟರು ಕಟ್ಟಿಸಿದೆ. ಆದರೆ ವೋಲ್ಟೇಜು ಇಲ್ಲದೆ ಕಟ್ಟಿಸಿದ ಮೋಟರು ಎಷ್ಟು ದಿನ ಬಾಳೀತು? ಇನ್ನೊಮ್ಮೆ ಸುಟ್ಟರೆ ಗಿರಣಿ ಮುಚ್ಚುವುದೇ. ಕಂಬ ಹತ್ತುವವನಿಂದ ಹಿಡಿದು ಕಚೇರಿಯವರೆಗೆ ಅಲೆದೆ. ಹೊಸ ಟ್ರಾನ್ಸ್‌ಫಾರ್ಮರು ಬೇಕಾದರೆ ನಿಮ್ಮ ಬದಿಯವರೆಲ್ಲ ದುಡ್ಡು ಸೇರಿಸಿ ಹಾಕಿಸಿಕೊಳ್ಳಿ ಎಂದರು. ಆಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕಂಡೆ. ಕರೆಂಟಿನ ಕಂಪನಿ ತನಗೆ ತೋಚಿದಂತೆ ದರ ಏರಿಸುವ ಹಾಗಿಲ್ಲ. ಸರ್ಕಾರ ನೇಮಿಸಿದ ಆಯೋಗದ ಮುಂದೆ ಹೋಗಿ ಕೇಳಬೇಕು. ಆಯೋಗ ಜನರನ್ನು ಕರೆದು ಬಹಿರಂಗ ವಿಚಾರಣೆ ನಡೆಸುತ್ತದೆ. ದರದ ಬಗ್ಗೆಯಾಗಲಿ, ಬರುವ ಕರೆಂಟಿನ ಬಗ್ಗೆಯಾಗಲಿ ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು, ಪ್ರತಿಯೊಂದಕ್ಕೂ ಕಂಪನಿ ಬರಹದಲ್ಲಿ ಉತ್ತರ ಕೊಡಬೇಕು, ಬೇಕಾದವರು ಎದ್ದು ನಿಂತು ಮಾತಾಡಬಹುದು. ನನಗೆ ಆನೆಬಲ ಬಂದಂತಾಯಿತು.

ಮನೆಯಲ್ಲಿ ಯಾರಿಗೂ ಹೇಳದೆ ಟೈಪಿಂಗ್ ಅಂಗಡಿಗೆ ಹೋಗಿ ತೆಲುಗಿನಲ್ಲಿ ಎರಡು ಪುಟ ಮಾಡಿಸಿದೆ. ವಿಚಾರಣೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ದೊಡ್ಡ ಸಭಾಂಗಣ. ವೇದಿಕೆಯ ಮೇಲೆ ಆಯೋಗದವರು, ಒಂದು ಪಕ್ಕಕ್ಕೆ ಕಂಪನಿಯ ಎಂಜಿನಿಯರುಗಳು, ಕೆಳಗೆ ನಮ್ಮಂಥವರು. ಪಂಪ್‌ಸೆಟ್ಟಿನವರು, ಕಾರ್ಖಾನೆಯವರು, ಐಸ್ ಮಾರುವವರು. ದೊಡ್ಡ ದೊಡ್ಡ ಎಂಜಿನಿಯರುಗಳು ಐಸ್ ಮಾರುವವನ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳುವುದನ್ನು ನೋಡಿ ಖುಷಿಯಾಯಿತು.

ನನ್ನ ಸರದಿ ಬಂತು. ಆಯೋಗದ ಅಧ್ಯಕ್ಷರು ನನ್ನ ಎರಡು ಪುಟ ಓದಿ ಕನ್ನಡಕ ತೆಗೆದರು. ತೆಲುಗಿನಲ್ಲಿ ಮೆಲ್ಲಗೆ ಕೇಳಿದರು.

"ಎದುರು ಗಿರಣಿಯಲ್ಲಿ ಎಷ್ಟು ಬಲ್ಬು ಉರಿಯುತ್ತವೆ ಎಂದು ಬರೆದಿದ್ದೀರಿ. ಅವರ ಕಲ್ಲು ಎಷ್ಟು ಹೊತ್ತು ತಿರುಗುತ್ತದೆ, ಬಾಗಿಲಲ್ಲಿ ಎಷ್ಟು ಡಬ್ಬಿ ಇರುತ್ತವೆ, ಅದನ್ನೂ ಬರೆದಿದ್ದೀರಿ. ನಿಮ್ಮ ವೋಲ್ಟೇಜು ಎಷ್ಟು ಬರುತ್ತದೆ? ಅದು ಎಲ್ಲಿಯೂ ಇಲ್ಲವಲ್ಲ. ಒಂದು ಹೇಳಿ, ನಿಮ್ಮದು ಏರಬೇಕೋ, ಅವರದು ಇಳಿಯಬೇಕೋ?"

ಸಭೆ ಗೊಳ್ಳೆಂದು ನಕ್ಕಿತು. ನನ್ನ ಮುಖ ಹುಳ್ಳಗಾಯಿತು.

"ನಮ್ಮದು ಏರಬೇಕು ಸರ್," ಎಂದೆ.

ಅಂಕಿ ಎಲ್ಲಿ ಎಂದು ಮತ್ತೆ ಕೇಳಿದರು. ಎದುರಿನ ಡಬ್ಬಿ ಎಣಿಸುವುದರಲ್ಲಿ ನನ್ನ ಮೀಟರಿನ ಮುಳ್ಳು ಎಲ್ಲಿ ನಿಂತಿತ್ತು ಎಂದು ಒಂದು ದಿನವೂ ಬರೆದಿಟ್ಟಿರಲಿಲ್ಲ. ಕಂಪನಿಯ ಎಂಜಿನಿಯರು ಎದ್ದು, ಆ ಟ್ರಾನ್ಸ್‌ಫಾರ್ಮರು ಸರಿಯಾಗಿಯೇ ಇದೆ ಎಂದು ಕೂತರು. ನನ್ನ ಕೆಲಸ ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದ. ನನ್ನ ಷಡ್ಡಕ. ಅವನೂ ಆಕ್ಷೇಪಣೆ ಕೊಟ್ಟಿದ್ದನಂತೆ, ನನ್ನ ನಂತರದ್ದೇ ಅವನ ಸರದಿ.

"ನನ್ನ ಗಿರಣಿಗೆ ತೊಂದರೆಯಿಲ್ಲ ಸರ್," ಎಂದ, ನನಗಿಂತ ಒಳ್ಳೆಯ ತೆಲುಗಿನಲ್ಲಿ. "ಎದುರಿನ ಗಿರಣಿಗಿದೆ. ಅವರು ನನಗೆ ಕೆಲಸ ಕಲಿಸಿದವರು. ಅವರ ಬೋರ್ಡಿನ ವೋಲ್ಟೇಜು ದಿನಕ್ಕೆ ಮೂರು ಹೊತ್ತು, ನಲವತ್ತು ದಿನ ಬರೆದಿಟ್ಟದ್ದು ಇಲ್ಲಿದೆ."

ಶಾಲೆಯ ನೋಟುಬುಕ್ಕಿನ ಹಾಳೆಗಳು. ಅವನು ವೇದಿಕೆಗೆ ಕೊಡುವಾಗ ಅಕ್ಷರ ಕಂಡಿತು. ಅದು ನನ್ನ ಹೆಂಡತಿಯ ಅಕ್ಷರ.

ಅಧ್ಯಕ್ಷರು ಹಾಳೆ ತಿರುವಿದರು. ಎಂಜಿನಿಯರನ್ನು ಎಬ್ಬಿಸಿ, ನಿಯಮದಲ್ಲಿ ಹೇಳಿದ ಗಡಿಗಿಂತ ವೋಲ್ಟೇಜು ಕೆಳಗಿಳಿದರೆ ಸರಿಪಡಿಸುವುದು ಕಂಪನಿಯ ಹೊಣೆ, ಗಿರಾಕಿಯದಲ್ಲ ಎಂದರು. ನೀವೇ ಹೋಗಿ ಅಳೆಯಿರಿ, ಇದು ನಿಜವಾದರೆ ಹೊಸ ಟ್ರಾನ್ಸ್‌ಫಾರ್ಮರು ಹಾಕಿ ವರದಿ ಕೊಡಿ ಎಂದು ಅಪ್ಪಣೆ ಮಾಡಿದರು. ಐಸ್ ಮಾರುವವನು ಚಪ್ಪಾಳೆ ತಟ್ಟಿದ. ನನಗೆ ಬೇಕಾದದ್ದೆಲ್ಲ ಐದು ನಿಮಿಷದಲ್ಲಿ ಸಿಕ್ಕಿತ್ತು. ಆದರೂ ಗಾಯದ ಮೇಲೆ ಬರೆ ಎಳೆದಂತಾಗಿತ್ತು, ಏಕೆಂದರೆ ಚಪ್ಪಾಳೆ ಅವನಿಗೆ ಬಿದ್ದಿತ್ತು.

ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಡಲಿಲ್ಲ.

"ನಿಮಗ ಹೇಳಿದ್ರ ಕೇಳತಿದ್ರೇನು? ಮೋಟರ್ ಸುಟ್ಟ ದಿನ ಅವ ಬಂದು ಕೈ ಮುಗದ್ರೂ ಡಬ್ಬಿ ಕೊಡಲಿಲ್ಲ ನೀವು. ನನಗ ಗಿರಣಿ ಉಳೀಬೇಕಾಗಿತ್ತು. ಅದಕ್ಕ ದಿನಾ ಮುಳ್ಳು ನೋಡಿ ಬರದು ಅವನ ಕಡೆ ಕೊಟ್ಟೆ."

ಹೊಸ ಟ್ರಾನ್ಸ್‌ಫಾರ್ಮರು ಬಂತು, ನನ್ನ ಬಾಗಿಲ ಪಕ್ಕದಲ್ಲೇ. ಮುಳ್ಳು ಮೇಲೆದ್ದು ನಿಂತಿತು. ಖಾನಾವಳಿಯ ಹೆಂಗಸು ಮರಳಿ ಬಂದಳು, ಮಿಯಾಪುರದವರೂ ಬಂದರು. ಬಂದವರೆಲ್ಲ ಒಂದೇ ಮಾತು, "ನಿಮ್ಮ ಷಡ್ಡಕರು ಕರೆಂಟ್ ತಂದುಕೊಟ್ರಂತಲ್ರಿ!" ಹೌದು ಎನ್ನುತ್ತಿದ್ದೆ. ಪ್ರತಿ ಸಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಹೋದ ತಿಂಗಳು ಮಟಮಟ ಮಧ್ಯಾಹ್ನ ಎದುರು ಬದಿಯ ಟ್ರಾನ್ಸ್‌ಫಾರ್ಮರು ಕೆಟ್ಟಿತು. ಅವನ ಕಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವನು ಎರಡು ಕೈಯಲ್ಲೂ ಡಬ್ಬಿ ಹಿಡಿದು ರಸ್ತೆ ದಾಟಿ ಬಂದ. ಮೂರು ಸಲ ಹೋಗಿ ಬಂದು ಎಲ್ಲವನ್ನೂ ನನ್ನ ಸಾಲಿನ ಕೊನೆಗೆ ಇಟ್ಟ.

"ಇಷ್ಟು ಬೀಸಿ ಕೊಡ್ರಿ ಅಣ್ಣಾರ. ಸಂಜಿಕ ಜನ ಬರ್ತಾರ."

ನಾನು ಎಂದೂ ಕೇಳಲಾರದ್ದನ್ನು ಅವನು ನಗುತ್ತ ಕೇಳಿದ. ಆ ಸಲೀಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಚೆನ್ನಾಗಿ ಬೀಸಿದೆ, ಹಿಟ್ಟಿನಲ್ಲಿ ಮೋಸ ಮಾಡಲಿಲ್ಲ. ಬೀಸಿ ಮುಗಿದ ಮೇಲೆ ಹೆಂಡತಿ ಒಮ್ಮೆ ಡಬ್ಬಿಗಳನ್ನೂ ಒಮ್ಮೆ ನನ್ನನ್ನೂ ನೋಡಿದಳು. ನಾನೇ ಎರಡು ಡಬ್ಬಿ ಎತ್ತಿಕೊಂಡು ಹೊರಟೆ. ಅವನು ಗಿರಣಿ ಹಾಕಿದಂದಿನಿಂದ ಆ ಎಂಟು ಹೆಜ್ಜೆ ದಾಟಿದ್ದು ಅದೇ ಮೊದಲು.

ಒಳಗೆ ಕಾಲಿಟ್ಟೆ. ಕಣ್ಣು ಮೊದಲು ಹೋದದ್ದು ಅವನ ಬೋರ್ಡಿಗೆ. ಮುಳ್ಳು ಸೊನ್ನೆಯ ಮೇಲೆ ಬಿದ್ದಿತ್ತು. ಅದನ್ನು ನೋಡಿ ನನಗಾದ ಸಂತೋಷ, ನನ್ನ ಮುಳ್ಳು ಎದ್ದ ದಿನವೂ ಆಗಿರಲಿಲ್ಲ. ಅಧ್ಯಕ್ಷರು ತುಂಬಿದ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದ್ದೆ.

"ನಿಂತಿರ್ಯಾಕ, ಕೂಡ್ರಿ ಅಣ್ಣಾರ," ಎಂದು ಷಡ್ಡಕ ತನ್ನ ಸ್ಟೂಲು ಒರೆಸಿ ನನ್ನ ಕಡೆ ಸರಿಸಿದ. "ನಿಮ್ಮ ನಾದಿನಿ ಚಾ ಮಾಡಾಕತ್ತಾಳ."

ಕೂತೆ. ಚಹಾ ಬರುವವರೆಗೂ ಆ ಮುಳ್ಳನ್ನೇ ನೋಡುತ್ತಿದ್ದೆ.