ಕೊಡೆಗಾಗಿ ಇಳಿದವಳು

ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ಮಾಡುವವಳನ್ನು ಎಲ್ಲರೂ ಹಲ್ಲಕ್ಕ ಅಂತಲೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಅವಳ ಗಂಡನೂ ಹಾಗೇ ಕರೆಯುತ್ತಿದ್ದ. ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಹುಯ್ಯಬೇಕು, ಅದು ಗಟ್ಟಿಯಾಗುವವರೆಗೆ ಕಾಯಬೇಕು, ಆಮೇಲೆ ಮೇಣದಲ್ಲಿ ಹಲ್ಲು ಕೂರಿಸಬೇಕು. ಈ ಕಾಯುವ ಹೊತ್ತಿದೆಯಲ್ಲ, ಅದೇ ಮನುಷ್ಯರನ್ನು ಕೆಡಿಸುವುದು. ಕೆಲವರು ತೂಕಡಿಸುತ್ತಾರೆ, ಕೆಲವರು ಊರ ಉಸಾಬರಿಗೆ ಹೋಗುತ್ತಾರೆ. ಹಲ್ಲಕ್ಕ ಮೊಬೈಲಿನ ಆಟಕ್ಕೆ ಬಿದ್ದಳು.

ಬೀಳಿಸಿದ್ದು ಅವಳ ನಾದಿನಿ. ಅದೇ ಆಸ್ಪತ್ರೆಯ ಮುಂದಿನ ಮೇಜಿನ ಹಿಂದೆ ಕೂತು ರೋಗಿಗಳ ಹೆಸರು ಕೂಗುವವಳು. ಇಬ್ಬರು ಆಡುವ ಆಟ. ಐದು ಕಾಯಿ ಯಾರು ಮೊದಲು ಸಾಲಾಗಿ ಸೇರಿಸುತ್ತಾರೋ ಅವರು ಗೆದ್ದಂತೆ. ಆಟಕ್ಕಿಂತ ಅದರ ಒಳಗಿನ ಲೆಕ್ಕ ಕೇಳಿ ಹಲ್ಲಕ್ಕ ಕಣ್ಣು ಕಣ್ಣು ಬಿಟ್ಟಳು. ಪ್ರತಿಯೊಬ್ಬರಿಗೂ ಒಂದು ನಂಬರಂತೆ. ನಮಗಿಂತ ದೊಡ್ಡ ನಂಬರಿನವರನ್ನು ಸೋಲಿಸಿದರೆ ನಮ್ಮದು ಜಿಗಿಯುತ್ತದೆ, ಚಿಕ್ಕವರನ್ನು ಸೋಲಿಸಿದರೆ ಚಿಟಿಕೆಯಷ್ಟು ಏರುತ್ತದೆ. ಹೊಸಬರ ನಂಬರು ಸಿಕ್ಕಾಪಟ್ಟೆ ಏರಿಳಿಯುತ್ತದೆ, ಯಾಕೆಂದರೆ ಆಟ ನಡೆಸುವ ಯಂತ್ರಕ್ಕೆ ಇನ್ನೂ ಅವರ ಗುರುತಿಲ್ಲ. ಗುರುತು ಸಿಕ್ಕ ಮೇಲೆ ನಿಧಾನಕ್ಕೆ ಕದಲುತ್ತದೆ. ಆಮೇಲೆ ಪ್ರತಿ ಆಟಕ್ಕೂ ನಮ್ಮಷ್ಟೇ ನಂಬರಿನವರನ್ನು ಹುಡುಕಿ ತಂದು ಎದುರು ಕೂರಿಸುತ್ತದೆ.

"ಅರ್ಧ ಗೆಲ್ತೀಯ, ಅರ್ಧ ಸೋಲ್ತೀಯ ಅತ್ತಿಗೆ. ಹಾಗಾದ್ರೆ ಅದು ನಿನ್ನ ಜಾಗ ಕಂಡುಹಿಡಿದಿದೆ ಅಂತ ಅರ್ಥ," ಅಂದಿದ್ದಳು ನಾದಿನಿ.

ಲೋಕದ ಲಕ್ಷಾಂತರ ಜನರಲ್ಲಿ ತನ್ನಷ್ಟೇ ಬುದ್ಧಿ, ತನ್ನಷ್ಟೇ ದಡ್ಡತನ ಇರುವವರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕುತ್ತದಲ್ಲ! ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂರುವಂತೆ ಮಾಡಲು ಹಲ್ಲಕ್ಕನಿಗೆ ಇಡೀ ದಿನ ಬೇಕಿತ್ತು. ಅವಳಿಗೆ ಮೈ ಜುಂ ಎಂದಿತು.

ಮಧ್ಯಾಹ್ನದ ಆ ಹೊತ್ತಿನಲ್ಲಿ ಆಡುವವರು ಕಡಿಮೆ. ಹಾಗಾಗಿ ಒಬ್ಬರೇ ಮತ್ತೆ ಮತ್ತೆ ಎದುರು ಬರುತ್ತಿದ್ದರು. ಹೆಸರಿಲ್ಲ, ಮಾತಿಲ್ಲ, ಹಸಿರು ಕೊಡೆಯ ಚಿತ್ರ ಒಂದೇ. ಗಂಡೋ ಹೆಣ್ಣೋ, ಯಾವ ಭಾಷೆಯವರೋ ಯಾರು ಬಲ್ಲರು? ಕೊಡೆ ಆಡುತ್ತಿದ್ದುದು ಟಕಟಕ ಅಂತ. ನಡುವೆ ಒಂದು ಮನೆ ಖಾಲಿ ಬಿಟ್ಟು, ಎರಡು ಕಡೆಯಿಂದ ಸಾಲು ಬೆಳೆಸಿ, ಕೊನೆಗೆ ಅಲ್ಲಿ ಒಂದು ಕಾಯಿ ಇಟ್ಟು ಮುಗಿಸಿಬಿಡುವ ಕಿಲಾಡಿತನ ಅವರದು. ಹಲ್ಲಕ್ಕ ಒಂದು ದಿನ ಗೆದ್ದರೆ ಮರುದಿನ ಕೊಡೆ. ಹೀಗೆ ವರ್ಷಗಟ್ಟಲೆ ಇಬ್ಬರೂ ಒಟ್ಟೊಟ್ಟಿಗೆ ಏರಿದರು. ದೊಡ್ಡ ನಂಬರಿನವರಿಗೆ ಆಟ ಕೊಡುವ ಚಿನ್ನದ ಪದಕದ ಮೆಟ್ಟಿಲ ಹತ್ತಿರ ಹಲ್ಲಕ್ಕ ಬಂದಿದ್ದಳು. ನಂಬರು ಎಷ್ಟಾಯಿತು ಎಂದು ಡಾಕ್ಟರರು ಸಹ ವಿಚಾರಿಸುತ್ತಿದ್ದರು.

ಆಗಲೇ ಕೊಡೆ ಕಾಣೆಯಾಯಿತು.

ಹಲ್ಲಕ್ಕ ಮೊದಲು ಮುನಿಸಿಕೊಂಡಳು, ಆಮೇಲೆ ಅವಳ ಜೀವ ತಡೆಯಲಿಲ್ಲ. ನಾದಿನಿ ಮೊಬೈಲಿನಲ್ಲಿ ಕೊಡೆಯ ಆಟದ ಲೆಕ್ಕ ಹುಡುಕಿ ತೋರಿಸಿದಳು: ಬಹಳ ದಿನ ಆಟವೇ ಇಲ್ಲ, ಈಗ ಶುರುವಾಗಿದೆ, ಆದರೆ ಬರೀ ಸೋಲು. ತುಂಬಾ ದಿನ ಆಡದಿದ್ದರೆ ಯಂತ್ರಕ್ಕೆ ಅನುಮಾನ ಬರುತ್ತದಂತೆ, ಆಗ ಪ್ರತಿ ಸೋಲಿಗೂ ನಂಬರು ದಡದಡ ಇಳಿಯುತ್ತದಂತೆ. ಕೊಡೆ ಎಲ್ಲೋ ಪಾತಾಳದಲ್ಲಿತ್ತು. ಇನ್ನು ಅವರಿಬ್ಬರನ್ನು ಯಂತ್ರ ಎದುರುಬದುರು ಕೂರಿಸುವ ಮಾತೇ ಇರಲಿಲ್ಲ.

"ಹಾಗಾದ್ರೆ ನಾನೇ ಇಳೀತೀನಿ," ಅಂದಳು ಹಲ್ಲಕ್ಕ.

ತಲೆಗಿಲೆ ಕೆಟ್ಟಿದೆಯಾ ಎಂದು ನಾದಿನಿ ಬೈದಳು. ಬೇಕೆಂದೇ ಸೋಲುವುದು ಮೋಸ ಅಂದಳು. ಮೋಸವೇ, ಯಾರು ಇಲ್ಲ ಅಂದರು? ಅದು ಸುಲಭವೂ ಅಲ್ಲ. ಗೆಲ್ಲುವ ಮನೆ ಕಣ್ಣಿಗೆ ಹೊಡೆಯುವಾಗ ಬೆರಳನ್ನು ಬೇರೆ ಕಡೆ ಎಳೆಯಬೇಕು. ಹಲ್ಲಕ್ಕನ ಕೈ ಎಷ್ಟೋ ಸಲ ಮಾತು ಕೇಳದೆ ಗೆದ್ದುಬಿಟ್ಟಿತು. ಯಂತ್ರಕ್ಕೆ ಅವಳ ಗುರುತು ಚೆನ್ನಾಗಿತ್ತು, ಹಾಗಾಗಿ ಅದು ಜಿಪುಣನ ಹಾಗೆ ಇಷ್ಟಿಷ್ಟೇ ಇಳಿಸಿತು. ಇಳಿಯುತ್ತಾ ಅವಳು ಕಂಡದ್ದೇ ಬೇರೆ. ಪ್ರತಿ ಮೆಟ್ಟಿಲಲ್ಲೂ ಜನವೋ ಜನ! ತಾನು ಎಂದೋ ದಾಟಿ ಮರೆತ ಜಾಗದಲ್ಲೂ ಯಾರೋ ಜೀವ ಕೈಯಲ್ಲಿ ಹಿಡಿದು ಆಡುತ್ತಿದ್ದರು. ಅವರಿಗೂ ಅವರ ಸರಿಸಾಟಿಯವರು ಸಿಕ್ಕಿದ್ದರು. ಯಾರೂ ಒಂಟಿಯಾಗಿರಲಿಲ್ಲ. ಇಂಥದ್ದೊಂದನ್ನು ಕಟ್ಟಿದವರು ಯಾರಪ್ಪಾ ಎಂದು ಅವಳು ಬೆರಗಾಗಿ ಪ್ಲಾಸ್ಟರ್ ಮರೆತಳು. ಎರಡು ಅಚ್ಚಿಗೆ ಕಲಸಿದ್ದು ಬಟ್ಟಲಲ್ಲೇ ಕಲ್ಲಾಯಿತು.

ಕೊನೆಗೊಂದು ಮಧ್ಯಾಹ್ನ ಹಸಿರು ಕೊಡೆ ಎದುರು ಬಂತು.

ಮೊದಲ ಕಾಯಿ ಇಡಲು ಕೊಡೆ ಆಟ ಕೊಟ್ಟ ಹೊತ್ತನ್ನೆಲ್ಲ ತಿಂದಿತು. ಎರಡನೆಯದಕ್ಕೂ ಹಾಗೇ. ಎದುರಿಗಿದ್ದ ಅಪಾಯ ಅದಕ್ಕೆ ಕಾಣಲೇ ಇಲ್ಲ. ಕಾಯಿಲೆಯಿರಬೇಕು, ಕೈ ನಡುಗುತ್ತಿರಬೇಕು ಅಂದುಕೊಂಡಳು. ಅಷ್ಟರಲ್ಲಿ ಆ ಕಡೆಯವರು ನಡುವೆ ಒಂದು ಮನೆ ಖಾಲಿ ಬಿಟ್ಟರು. ಅದೇ ಕಿಲಾಡಿತನ, ಆದರೆ ತಲೆಕೆಳಗು. ಯಾವ ಕಡೆಯಿಂದ ಶುರು ಮಾಡಬೇಕೆಂದು ತಿಳಿಯದೆ, ಬರೀ ಕಣ್ಣಲ್ಲಿ ಕಂಡಿದ್ದನ್ನು ನೆನಪಿಸಿಕೊಂಡು ಇಟ್ಟ ಕಾಯಿ.

ಹಲ್ಲಕ್ಕನ ಬೆರಳು ಹಾಗೇ ನಿಂತಿತು. ಇವರು ಅವರಲ್ಲ. ಅವರ ಪಕ್ಕದಲ್ಲಿ ಕೂತು ಅಷ್ಟು ವರ್ಷ ನೋಡುತ್ತಿದ್ದ ಯಾರೋ. ಕೊಡೆಯವರು ಹೋಗಿಬಿಟ್ಟಿದ್ದಾರೆ, ಫೋನು ಉಳಿದಿದೆ. ಯಂತ್ರಕ್ಕೆ ಸಾವಿನ ಸುದ್ದಿ ಯಾರು ಮುಟ್ಟಿಸಿದ್ದರು? ಯಾರೂ ಇಲ್ಲ. ಆದರೂ ಆ ಚಿತ್ರದ ಹಿಂದೆ ಕೂತವರು ಬೇರೆ ಎಂದು ಅದು ಅವಳಿಗಿಂತ ಮೊದಲೇ ತಿಳಿದು, ಹೊಸಬರನ್ನು ಅವರ ಜಾಗಕ್ಕೆ ಕೈಹಿಡಿದು ಕರೆದುಕೊಂಡು ಹೋಗಿತ್ತು. ಹಲ್ಲಕ್ಕ ಮೇಣದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಮುಖ ಕಾಣದವರಿಗಾಗಿ ಅವಳು ಅತ್ತದ್ದು ಅದೇ ಮೊದಲು.

ಗೆಲ್ಲುವ ಮನೆ ಅವಳ ಕಣ್ಣೆದುರೇ ಇತ್ತು. ಅಲ್ಲಿಡದೆ, ಆ ಖಾಲಿ ಮನೆಯ ಎರಡು ಕಡೆಯನ್ನೂ ಮುಟ್ಟದೆ, ಪ್ರತಿ ಸಲವೂ ದೂರ ಎಲ್ಲೋ ಇಟ್ಟು ಕಾದಳು. ಆ ಕಡೆಯವರು ಒಂದೊಂದು ಕಾಯಿಗೂ ಹೊತ್ತು ತೆಗೆದುಕೊಂಡು ಒಂದು ಕಡೆ ಕೂಡಿಸಿದರು, ಇನ್ನೊಂದು ಕಡೆ ಕೂಡಿಸಿದರು. ಕೊನೆಗೆ ನಡುವಿನ ಮನೆ ಅವರಿಗೆ ಕಂಡಿತು.

ನಾದಿನಿ ಬಾಗಿಲಲ್ಲಿ ಇಣುಕಿ, ಕೊಡೆಯನ್ನು ನೋಡಿಯಾಯಿತಲ್ಲ, ಇನ್ನಾದರೂ ಮೇಲಕ್ಕೆ ಹತ್ತು ಅಂದಳು.

"ಇರು," ಅಂದಳು ಹಲ್ಲಕ್ಕ. "ಇನ್ನೊಂದು ಆಟ ಕೇಳ್ತಿದ್ದಾರೆ."