ಕೀಲಿ ಸಿಕ್ಕ ಮೇಲೂ ಇನ್ನೊಮ್ಮೆ ತಟ್ಟುವವರು

ಒತಕರ್ ಷಿಮಿಚೆಕ್ ಅವರಿಗೆ ತಾವು ಬರೆದದ್ದನ್ನು ಓದಿ ನೋಡುವ ಇನ್ನೊಬ್ಬರಿಲ್ಲ. ಎರಡು ವರ್ಷದಿಂದ ಇಲ್ಲ.

ಬೆಳಿಗ್ಗೆ ಐದೂವರೆ. ದಕ್ಷಿಣ ಮೊರಾವಿಯಾದ ಲಿಪೊವ್ಕಾ ಹಳ್ಳಿಯ ತಮ್ಮ ಅಡುಗೆಮನೆಯಲ್ಲಿ ಅವರು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪಕ್ಕದ ತಟ್ಟೆಯಲ್ಲಿ ಹಂದಿಕೊಬ್ಬು ಸವರಿದ ಬ್ರೆಡ್ಡು ಒಣಗುತ್ತಿದೆ. ಪರದೆಯ ಮೇಲೆ ಕಂಪ್ಯೂಟರ್ ಕೋಡಿಗೆ ಹನ್ನೊಂದು ಸಾಲಿನ ಒಂದು ತಿದ್ದುಪಡಿ, ಸಮುದ್ರದಾಚೆಯ ದೊಡ್ಡ ಕಂಪನಿಯೊಂದರ ಎಂಜಿನಿಯರುಗಳು ಕಳಿಸಿದ್ದು. 'ಓದಿದ್ದೇನೆ, ಸರಿಯಿದೆ' ಎಂದು ಇವರು ಹೆಸರು ಹಾಕಿದರೆ ಭಾನುವಾರದ ಹೊಸ ಆವೃತ್ತಿಯಲ್ಲಿ ಸೇರಿ ಕೋಟ್ಯಂತರ ಯಂತ್ರಗಳಿಗೆ ಹೋಗುತ್ತದೆ. ಮೂರು ದಿನದಿಂದ ಹೆಸರು ಹಾಕಿಲ್ಲ.

ಹೆಂಡತಿ ಲಿಬುಷೆ ಬೂಟು ಹಾಕಿಕೊಳ್ಳುತ್ತಿದ್ದಾರೆ. ಊರಿನವರೆಲ್ಲ ಸೇರಿ ನಡೆಸುವ ಪ್ಲಮ್ ಸಾರಾಯಿ ಭಟ್ಟಿಯಲ್ಲಿ ಸರದಿ, ಕೀಲಿ ನೋಡಿಕೊಳ್ಳುವುದು ಅವರ ಕೆಲಸ.

"ಹನ್ನೊಂದು ಸಾಲು ಓದೋಕೆ ಮೂರು ದಿನವಾ? ಒಂದನೇ ಕ್ಲಾಸಿನ ಮಕ್ಕಳು ನಿನಗಿಂತ ವಾಸಿ."

"ಆ ಮಕ್ಕಳು ಬರೆದಿದ್ದಿದ್ರೆ ಐದು ನಿಮಿಷ ಸಾಕಾಗ್ತಿತ್ತು."

ಲಿಬುಷೆ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಒತಕರ್ ತಮ್ಮ ಕೆಲಸವನ್ನು ವಿವರಿಸುವುದೂ ಆ ಭಟ್ಟಿಯ ಲೆಕ್ಕದಲ್ಲೇ.

"ಹಣ್ಣು ಹುಳಿ ಬರಿಸೋ ಪೀಪಾಯಿ ಇರುತ್ತಲ್ಲ, ಅದನ್ನ ತಟ್ಟಿ ನೋಡ್ತೀಯ. ಖಾಲಿ. ಕೀಲಿಗೆ ಇವಳ ಹತ್ರ ಹೋಗ್ತೀಯ. ನೀನು ಹೋಗೋದರೊಳಗೆ ಇನ್ನೊಬ್ಬ ಕೀಲಿ ಇಸ್ಕೊಂಡು, ತನ್ನ ಹಣ್ಣು ಸುರಿದು, ಬೀಗ ಹಾಕಿ, ಕೀಲಿ ವಾಪಸ್ ಕೊಟ್ಟಿರ್ತಾನೆ. ಈಗ ಕೀಲಿ ನಿನ್ನ ಕೈಗೆ ಬಂತು. ಆಗಲೇ ತಟ್ಟಿದ್ದೀನಲ್ಲ ಅಂತ ಆಲಿಕೆ ಇಟ್ಟು ಸುರಿದುಬಿಡ್ತೀಯ. ಇಬ್ಬರದೂ ಹಾಳು. ಕೀಲಿ ಸಿಕ್ಕ ಮೇಲೆ ಇನ್ನೊಂದ್ಸಲ ತಟ್ಟಬೇಕು. ನನ್ನ ಕೆಲಸ ಅಷ್ಟೇ."

ಇಲ್ಲಿ ಪೀಪಾಯಿಯೆಂದರೆ ಕಂಪ್ಯೂಟರಿನ ಮೆಮೊರಿಯ ತುಂಡು. ಹಣ್ಣು ತರುವವರು ಒಂದೇ ಕ್ಷಣದಲ್ಲಿ ಓಡುವ ನೂರಾರು ಕೆಲಸಗಳು. ಯಾರಿಗೆ ಯಾವ ತುಂಡು ಎಂದು ಹಂಚುವುದು ಕರ್ನಲ್ ಎಂಬ ಒಳತಿರುಳು. ಅದರ ಈ ಭಾಗವನ್ನು ಒತಕರ್ ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದಾರೆ. ಅದಕ್ಕೂ ಮೊದಲು ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡುತ್ತಿದ್ದರು. ಈಗ ಐವತ್ತಾರು ವರ್ಷ. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ.

ದಿನಕ್ಕೆ ನೂರನಲವತ್ತು ಪತ್ರ ಬರುತ್ತವೆ. ಮೂವತ್ತನ್ನು ಪೂರ್ತಿ ಓದುತ್ತಾರೆ, ನಾಲ್ಕಕ್ಕೆ ಹೆಸರು ಹಾಕುತ್ತಾರೆ. ಅವರು ಹುಡುಕುವ ತಪ್ಪು ಆರು ಕೋಟಿ ಸಲಕ್ಕೆ ಒಮ್ಮೆ ಆಗುವಂಥದ್ದು. ಎಲ್ಲಿ ಆಗುತ್ತದೆಂದು ತಿಳಿಯಲು ನಡುವೆ ಒಂದು ಸಾಲು ಸೇರಿಸಿದರೆ, ಆ ಸಾಲು ತಿನ್ನುವ ಚೂರು ಹೊತ್ತಿಗೇ ತಪ್ಪು ಮಾಯವಾಗುತ್ತದೆ. ಸಾಲು ತೆಗೆದರೆ ಮತ್ತೆ ಬರುತ್ತದೆ.

ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಬೇಕು ಎಂಬುದು ಕರ್ನಲ್ ಬರೆಯುವವರ ನಿಯಮ. ಒತಕರ್ ಬರೆದದ್ದನ್ನು ಯಾರೊಮೀರ್ ಕೊಸ್ತ್ಕಾ ಓದುತ್ತಿದ್ದರು. ಎರಡು ವರ್ಷದ ಹಿಂದೆ ಬಿಟ್ಟುಬಿಟ್ಟರು. ಈಗ ಜೇನು ಸಾಕುತ್ತಾರೆ. "ಹುಳ ಕಚ್ಚಿದ್ರೆ ಯಾವುದು ಕಚ್ಚಿತು ಅಂತ ಆ ಕ್ಷಣವೇ ಗೊತ್ತಾಗುತ್ತೆ, ಒತೊ" ಎಂದು ಫೋನಿನಲ್ಲಿ ನಗುತ್ತಾರಂತೆ.

ಕೊಸ್ತ್ಕಾ ಬಿಟ್ಟುಹೋದ ವಸಂತದಲ್ಲೇ ಒತಕರ್ ಒಂದು ತಿದ್ದುಪಡಿ ಬರೆದರು. ಓದುವವರಿರಲಿಲ್ಲ, ಹಾಗೇ ಸೇರಿತು. ಅದರಲ್ಲಿ ಕೀಲಿ ಸಿಕ್ಕ ಮೇಲಿನ ಎರಡನೇ ತಟ್ಟು ಇರಲಿಲ್ಲ. ಹದಿನೇಳು ವರ್ಷ ಎಲ್ಲರಿಗೂ ಹೇಳಿದ ಪಾಠವನ್ನು ತಾವೇ ಮರೆತಿದ್ದರು.

ಪಕ್ಕದ ಪಟ್ಟಣದಲ್ಲಿ ಜನಪದ ಹಾಡುಗಳ ಸಂಗ್ರಹಾಲಯವೊಂದಿದೆ. ಅಲ್ಲಿ ಹಳೆಯ ಟೇಪುಗಳನ್ನು, ಆ ತಿದ್ದುಪಡಿ ಸೇರಿದ್ದ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಟೇಪು ಅಂಟಾಗಿ ಉದುರುತ್ತಿದ್ದುದರಿಂದ ಇಳಿಸಿ ಮುಗಿದ ಟೇಪನ್ನು ಎಸೆಯುತ್ತಿದ್ದರು. ನಾಲ್ಕು ತಿಂಗಳ ನಂತರ ಯಾರೋ ಒಂದು ಮದುವೆ ಹಾಡು ಹಾಕಿದರೆ, ಎರಡನೇ ಸಾಲಿನಿಂದ ಬರೀ ಕರಕರ ಸದ್ದು. ಬೇರಾವುದೋ ಕಡತದ ತುಣುಕುಗಳು ಹಾಡಿನ ಜಾಗದಲ್ಲಿ ಬಂದು ಕೂತಿದ್ದವು. ಕಾಪಿಟ್ಟ ಪ್ರತಿಗಳಲ್ಲೂ ಅದೇ ಕರಕರ.

ತಿದ್ದುಪಡಿಯ ಮೇಲೆ ಬರೆದವರ ಹೆಸರಿರುತ್ತದೆ. ಅದನ್ನು ಹಿಡಿದು ಸಂಗ್ರಹಾಲಯದ ಬ್ರಿಗಿತಾ ವಾಲೊವಾ ಬಸ್ಸು ಹತ್ತಿ ಇದೇ ಅಡುಗೆಮನೆಗೆ ಬಂದರು.

"ಕೂಗಾಡೋಕೆ ಬಂದಿಲ್ಲ, ಷಿಮಿಚೆಕ್ ಅವರೇ. ಯಾರು ಅಂತ ನೋಡೋಣ ಅಂತ ಬಂದೆ," ಎಂದರಂತೆ. "ಎಲ್ಲೋ ದೊಡ್ಡ ಕಟ್ಟಡದಲ್ಲಿ ಇರ್ತೀರಿ ಅಂದ್ಕೊಂಡಿದ್ದೆ. ನೋಡಿದ್ರೆ ಕಾಲುಚೀಲ ತೂತು."

ಚಹಾ ಕುಡಿದು, ಒಂದು ಹಾಳೆ ಮೇಜಿನ ಮೇಲಿಟ್ಟು ಹೋದರು. ಒತಕರ್ ಅದನ್ನು ಪರದೆಯ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಯಾವುದಕ್ಕೇ ಹೆಸರು ಹಾಕುವ ಮುಂಚೆ ಅದನ್ನು ಓದುತ್ತಾರೆ.

ಇಂದಿನ ಹನ್ನೊಂದು ಸಾಲು ಮಾಡುವುದೂ ಆ ಹಳೆಯ ತಪ್ಪನ್ನೇ. ಎರಡನೇ ತಟ್ಟನ್ನು ತೆಗೆಯುತ್ತದೆ. ಅದರಿಂದ ನೂರಕ್ಕೆ ಎರಡು ಪಾಲು ವೇಗ ಹೆಚ್ಚುತ್ತದೆ. ಒತಕರ್ ಹಾಳೆ ಓದುತ್ತಾರೆ, ಒಂದು ಸಾಲಿನ ಉತ್ತರ ಬರೆಯುತ್ತಾರೆ: ಆಗದು.

ಹತ್ತು ನಿಮಿಷಕ್ಕೆ ಮರುಪತ್ರ. ನಮ್ಮ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಿಲ್ಲ. ಭಾನುವಾರದೊಳಗೆ ಬೇರೆಯವರ ಹೆಸರು ತರುತ್ತೇವೆ.

"ತರ್ತಾರೆ. ಹಾಕೋರು ಸಿಕ್ಕೇ ಸಿಗ್ತಾರೆ," ಎನ್ನುತ್ತಾರೆ ಒತಕರ್. ಬ್ರೆಡ್ಡು ಕೈಗೆತ್ತಿಕೊಂಡು ಮತ್ತೆ ಇಡುತ್ತಾರೆ. "ನನ್ನದು ಸರಿ ಅಂತ ನಾನು ಹೇಳಲ್ಲ. ನಾನು ಬರೆದದ್ದರಲ್ಲಿ ತಪ್ಪು ಹುಡುಕಿ ಬೈಯೋಕೆ ಒಬ್ಬರು ಬೇಕು. ಇನ್ನೇನೂ ಬೇಡ."

ಗೋಡೆಯ ಹಾಳೆಯಲ್ಲಿ ವಾಲೊವಾ ಅವರ ಕೈಬರಹದ ನಾಲ್ಕು ಸಾಲುಗಳಿವೆ. ಇಳಿಸಿದ ಹಾಡು ಸಾವಿರದ ಒಂಬೈನೂರ ಹದಿನಾಲ್ಕು. ಹಾಳಾದವು ಅರವತ್ತಮೂರು. ಅವನ್ನು ಹಾಡಿದವರು ನಲವತ್ತೊಂದು ಜನ. ಅವರಲ್ಲಿ ಬದುಕಿರುವವರು ಯಾರೂ ಇಲ್ಲ.