ತಾಳೆಯಾಗದ ಯುಗಾದಿ ಊಟ

ಹೆಂಡರ್ಸನ್ ಬಡಾವಣೆಯ ಪದ್ಮನಾಭರು ಯಾವುದನ್ನೂ ಸಣ್ಣ ಹೆಸರಿನಿಂದ ಕರೆದವರಲ್ಲ. ಮನೆಯ ವೈಫೈ ಕೈಕೊಟ್ಟರೆ ಅದು ‘ಔಟೇಜ್’. ಮಗಳು ನಿಶಾ ಊಟಕ್ಕೆ ತಡವಾಗಿ ಬಂದರೆ ‘ಲೇಟೆನ್ಸಿ’. ಮೈಸೂರಿನಿಂದ ಬಂದು ಆಕ್ಲೆಂಡಿನ ಸಾಫ್ಟ್‌ವೇರ್ ಕೆಲಸದಲ್ಲಿ ಕೂದಲು ಕಳೆದುಕೊಂಡ ಇವರು, ಕನ್ನಡ ಸಂಘದ ಯುಗಾದಿ ಊಟಕ್ಕೆ ಹೆಸರು ನೋಂದಾಯಿಸುವ ವೆಬ್‌ಪುಟ ಮಾಡಿಕೊಟ್ಟ ಮೇಲೆ ಇವರ ನಡಿಗೆಯ ಠೀವಿಯೇ ಬೇರೆಯಾಗಿತ್ತು.

ಅಡುಗೆಯವರಿಗೆ ಲೆಕ್ಕ ಹೇಳುವ ದಿನ ಖಜಾಂಚಿ ಕಾತ್ಯಾಯಿನಿ ಫೋನ್ ಮಾಡಿದರು.

“ಪದ್ಮನಾಭ್, ವಾಟ್ಸಾಪ್‌ನಲ್ಲಿ ಬರ್ತೀವಿ ಅಂದೋರನ್ನೂ ನಿಮ್ಮ ಪುಟದಲ್ಲಿರೋ ಹೆಸರನ್ನೂ ಒಂದ್ಸಲ ತಾಳೆ ನೋಡೋಣ್ವಾ? ಊಟ ಸಾಲದೆ ಬಂದ್ರೆ ಮರ್ಯಾದೆ ಹೋಗುತ್ತೆ.”

“ಅದಕ್ಕೆ ಡೇಟಾ ರಿಕನ್ಸಿಲಿಯೇಶನ್ ಅಂತಾರೆ ಮೇಡಂ. ಬೇಕಾಗಲ್ಲ. ನಾನು ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಹಾಕಿದೀನಿ. ಮಧ್ಯೆ ಏನೇ ಎಡವಟ್ಟಾದ್ರೂ ಪ್ರೋಗ್ರಾಮ್ ನಿಲ್ಲಲ್ಲ, ಸಂಭಾಳಿಸ್ಕೊಂಡು ಮುಂದೆ ಹೋಗುತ್ತೆ.”

“ಎರಡೂ ಒಂದೇನಾ ಹಾಗಾದ್ರೆ?”

“ಹೆಚ್ಚುಕಮ್ಮಿ.”

ಕೇಳಿಸಿಕೊಂಡ ಹೆಂಡತಿ ಜಯಲಕ್ಷ್ಮಿ ಅಡುಗೆಮನೆಯಿಂದಲೇ ಕೇಳಿದರು: “ರೀ, ಹಾಲು ಉಕ್ಕಿದಾಗ ಒಲೆ ಆರಿಸೋದು ಒಂದು, ಆಮೇಲೆ ಪಾತ್ರೆಲಿ ಎಷ್ಟು ಉಳೀತು ಅಂತ ನೋಡೋದು ಇನ್ನೊಂದು ಅಲ್ವಾ?”

“ನಿನಗೆ ಆರ್ಕಿಟೆಕ್ಚರ್ ಅರ್ಥ ಆಗಲ್ಲ ಕಣೆ.”

ಅಂದ ಮೇಲೆ ತಮಗಾದರೂ ಅರ್ಥವಾಗಿದೆಯೇ ಎಂಬ ಸಣ್ಣ ಅನುಮಾನ ಅವರಿಗೆ ಬಂತು. ಅದನ್ನೂ ಸಂಭಾಳಿಸಿಕೊಂಡು ಮುಂದೆ ಹೋದರು.

ಭಾನುವಾರ ಹಾಲ್‌ನ ಬಾಗಿಲಲ್ಲಿ ಕಾತ್ಯಾಯಿನಿ ಟ್ಯಾಬ್ಲೆಟ್ ಹಿಡಿದು ಕೂತಿದ್ದರು. ಊರಿನ ಆ ತುದಿಯ ಬಾಟನಿ ಡೌನ್ಸ್‌ನಿಂದ ಸಂಸಾರ ಸಮೇತ ಹಸಿದು ಬಂದ ಮುರಳಿಯ ಹೆಸರು ಅದರಲ್ಲಿರಲಿಲ್ಲ.

“ಥ್ಯಾಂಕ್ಯೂ ಅಂತ ಬಂತಲ್ರೀ ನಿಮ್ಮ ಪುಟದಲ್ಲಿ!”

ಅವರ ಹಿಂದೆ ನಿಂತವರ ಹೆಸರೂ ಇಲ್ಲ, ಅವರ ಹಿಂದಿನವರದೂ ಇಲ್ಲ. ಪದ್ಮನಾಭರು ಲ್ಯಾಪ್‌ಟಾಪ್ ತೆರೆದು ನೋಡಿದರೆ ವಿಷಯ ಸರಳವಾಗಿತ್ತು. ಪುಟದ ಮಾದರಿ ಆಫೀಸಿನಿಂದ ತಂದದ್ದು. ಮನೆತನದ ಹೆಸರಿನ (ಸರ್‌ನೇಮ್) ಜಾಗದಲ್ಲಿ ಒಂದೇ ಅಕ್ಷರ ಕೊಟ್ಟರೆ ಅದು ಒಪ್ಪುತ್ತಿರಲಿಲ್ಲ. ನ್ಯೂಜಿಲೆಂಡಿನವರಿಗೆ ಅದರಿಂದ ತೊಂದರೆಯಿಲ್ಲ. ಅಪ್ಪನದೋ ಊರಿನದೋ ಇನಿಷಿಯಲ್ ಒಂದನ್ನೇ ಹಾಕಿಕೊಂಡು ವಿಮಾನ ಹತ್ತಿದ ನಮ್ಮವರು ಬಂದಾಗಲೆಲ್ಲ ಪ್ರೋಗ್ರಾಮ್ ಎಡವಿತ್ತು. ಎಡವಿದ್ದನ್ನು ಯಾರಿಗೂ ಹೇಳದೆ, ಥ್ಯಾಂಕ್ಯೂ ಅಂದು, ಹೆಸರನ್ನು ಎಸೆದು ಮುಂದೆ ಹೋಗಿತ್ತು.

“ಆದ್ರೆ ಒಂದ್ಸಲಾನೂ ಕ್ರ್ಯಾಶ್ ಆಗಿಲ್ಲ ನೋಡಿ,” ಎಂದರು ಪದ್ಮನಾಭರು.

“ನಿಮ್ಮ ಹೆಸರೂ ಇಲ್ಲ, ಎಚ್. ಪದ್ಮನಾಭ್,” ಎಂದರು ಕಾತ್ಯಾಯಿನಿ.

“ಡ್ಯಾಡ್, ಯೂ ಡೋಂಟ್ ಈವನ್ ಎಕ್ಸಿಸ್ಟ್,” ಎಂದು ನಿಶಾ ನಕ್ಕಳು.

ಜಯಲಕ್ಷ್ಮಿ ಸೆರಗು ಸಿಕ್ಕಿಸಿ ಹಾಲ್‌ನ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟರು. ಕಾತ್ಯಾಯಿನಿಯ ತೀರ್ಪು ಹೀಗಾಯಿತು: ಹೆಸರಿದ್ದವರು ಮೊದಲ ಪಂಕ್ತಿ, ಇನಿಷಿಯಲ್‌ನವರು ಎರಡನೆಯದು, ಎರಡಕ್ಕೂ ಬಡಿಸುವವರು ಪದ್ಮನಾಭರು.

ಎರಡನೆಯ ಪಂಕ್ತಿಯ ಹೊತ್ತಿಗೆ ಅನ್ನ, ನೀರಾದ ಸಾರು ಉಳಿದಿದ್ದವು. ಫೋನಿನ ಸಂಗತಿಯನ್ನೆಲ್ಲ ಕಾತ್ಯಾಯಿನಿಯಿಂದ ಕೇಳಿದ್ದ ಮುರಳಿ ಎಲೆ ನೋಡಿದರು.

“ಒಬ್ಬಟ್ಟು?”

“ಮುಗೀತು.”

“ಇದು ಎಕ್ಸೆಪ್ಶನ್ನಾ, ರಿಕನ್ಸಿಲಿಯೇಶನ್ನಾ ಸಾರ್?”

ಪದ್ಮನಾಭರು ಸೌಟಿನಿಂದ ಸಾರಿನ ತಳ ಕಲಕಿದರು. ಸಾಲಿನಲ್ಲಿ ಉಳಿದವರು ಎಲೆ ತಟ್ಟತೊಡಗಿದರು.

“ಸಾರು ಹಾಕ್ಲಾ?” ಎಂದರು.